ಒಣಮದ್ದಿನ ಒರಳು

ಏಳು ಸುತ್ತಿನ ಕಲ್ಲುಕೋಟೆಯನ್ನು ಮೈಗೆ ಸುತ್ತಿಕೊಂಡು, ನೆತ್ತಿಯ ಮೇಲೆ ನಾಯಕರ ಅರಮನೆಯನ್ನು ಹೊತ್ತು ನಿಂತ ಕರಿಗಲ್ಲುದುರ್ಗದ ರಾಜಬೀದಿಯಲ್ಲಿ ಅಂದು ಒಂದು ಅಂಗಡಿಯೂ ತೆರೆದಿರಲಿಲ್ಲ. ಹಿಂದಿನ ದಿನ ನಡುಹಗಲಿನಲ್ಲಿ ಆಗ್ನೇಯ ದಿಕ್ಕಿನಲ್ಲಿ ಕೋವಿಮದ್ದು ಅರೆಯುವ ಮದ್ದಿನಮನೆ ಸಿಡಿದು, ಹನ್ನೊಂದು ಮಂದಿ ಕೆಲಸಗಾರರನ್ನೂ ಅರ್ಧ ಕೋಟೆಗೋಡೆಯನ್ನೂ ಒಂದೇ ಉಸಿರಿಗೆ ನುಂಗಿತ್ತು. ಜಗಲಿಗಳ ಮೇಲೆ ಇನ್ನೂ ಬೂದಿ ಉದುರುತ್ತಿತ್ತು. ಪಟ್ಟದಾನೆ ಮೇವು ಮುಟ್ಟದೆ ಗೋಡೆಗೆ ಒರಗಿ ನಡುಗುತ್ತಿತ್ತು. ಎಲ್ಲಾದರೂ ಬಾಗಿಲು ದಡಾರೆಂದರೆ ಬೀದಿಗೆ ಬೀದಿಯೇ ಬೆಚ್ಚಿಬೀಳುತ್ತಿತ್ತು.

ಸ್ಫೋಟದ ಕಾರಣ ಹುಡುಕುವ ಮೊದಲು ಅದರ ಅರ್ಥ ಹುಡುಕುವುದು ಅರಮನೆಗಳ ಹಳೆಯ ಚಾಳಿ. ಆಸ್ಥಾನದ ಜೋಯಿಸರು ರಾತ್ರಿಯೆಲ್ಲ ಕವಡೆ ಎಸೆದು, ಜ್ವಾಲೆ ಪ್ರಧಾನಿ ಅಪ್ರಮೇಯಯ್ಯನವರ ಮನೆಯತ್ತ ಬಾಗಿದ್ದರಿಂದ ಸಿಂಹಾಸನದ ಸಮೀಪದಲ್ಲೇ ದ್ರೋಹಿಯಿದ್ದಾನೆಂದು ದುರ್ಗಾದೇವಿ ಸೂಚಿಸಿದ್ದಾಳೆ ಎಂದು ಅಪ್ಪಣೆ ಕೊಡಿಸಿದರು. ಗಾಳಿ ಬೀಸಿದ ಕಡೆಗೆ ಬೆಂಕಿ ಬಾಗುತ್ತದೆಂಬುದು ಒಲೆ ಊದುವ ಹೆಂಗಸಿಗೂ ಗೊತ್ತು. ಆದರೆ ಹೆದರಿದ ದೊರೆಗೆ ಅದನ್ನು ಹೇಳುವವರಾರು? ದಳವಾಯಿ ಸಂಗರಾಜಯ್ಯನವರು ಮದ್ದಿನಮನೆಯ ಒಂದು ಬೀಗದಕೈ ಪ್ರಧಾನಿಗಳ ಬಳಿಯೂ ಇರುವುದನ್ನು ಮೆಲ್ಲನೆ ನೆನಪಿಸಿದರು. ಅಷ್ಟು ಸಾಕಾಯಿತು. ಇಮ್ಮಡಿ ಹಾಲಪ್ಪನಾಯಕರು ಪ್ರಧಾನಿಗಳ ಕೈಗೆ ಹಗ್ಗ ಬಿಗಿಸಿ, ಸಂಜೆಯೊಳಗೆ ಹದ್ದಿನಬಂಡೆಯಿಂದ ಪ್ರಪಾತಕ್ಕೆ ನೂಕಬೇಕೆಂದು ಆಜ್ಞಾಪಿಸಿದರು. ಆದರೂ ಮನಸ್ಸು ಕೊಂಚ ಅಳುಕಿ, ಮದ್ದಿನಮನೆಯ ಯಜಮಾನ ಓಬಳಯ್ಯನನ್ನು ಕರೆತರಲು ಹೇಳಿದರು.

ಓಬಳಯ್ಯ ಹುಟ್ಟು ಪುಕ್ಕಲ. ಆ ಪುಕ್ಕಲುತನದಿಂದಲೇ ಇಪ್ಪತ್ತು ವರ್ಷ ಮದ್ದಿನಮನೆಯಲ್ಲಿ ಒಂದು ಕಿಡಿಯೂ ಹಾರಿರಲಿಲ್ಲ. ಹೆಂಗಸರು ಕಾಲುಂಗುರ ತೆಗೆದು, ಗಂಡಸರು ಉಡಿದಾರದ ಬೆಳ್ಳಿ ಬಿಚ್ಚಿಟ್ಟು ಬರಿಗಾಲಲ್ಲಿ ಒಳಬರಬೇಕು. ಮರದ ಒನಕೆಯ ಹೊರತು ಬೇರೆ ಮುಟ್ಟಕೂಡದು. ಗಳಿಗೆಗೊಮ್ಮೆ ನೀರು ಚಿಮುಕಿಸಿ ಒದ್ದೆಯಾಗಿಯೇ ಕುಟ್ಟಿ, ಮೂರು ದಿನ ನೆರಳಲ್ಲಿ ಆರಿಸಬೇಕು. ಇವು ಅವನ ಕಟ್ಟಳೆಗಳು. ಮದ್ದು ಅರೆಯಲು ರಾಜಮುದ್ರೆಯ ಅಪ್ಪಣೆ ಬೇಕು, ತಪ್ಪಿದ ಯಜಮಾನನಿಗೆ ಮರಣವೇ ದಂಡ ಎಂಬುದು ದುರ್ಗದ ಕಟ್ಟಳೆ. ಸ್ಫೋಟದ ಹೊತ್ತಿಗೆ ನೀರು ಕುಡಿಯಲು ಬಾವಿಗೆ ಹೋಗಿದ್ದರಿಂದ ಅವನೊಬ್ಬ ಬದುಕಿಕೊಂಡಿದ್ದ.

ಸಭಾಮಂಟಪದ ಬಾಗಿಲಲ್ಲಿ ದಳವಾಯಿಗಳು ಅವನ ತೋಳು ಹಿಡಿದರು. "ಕಾರಣ ತಿಳೀದು ಅಂತ ಹೇಳು, ಸಾಕು. ಬೇರೆ ಮಾತು ಬಂದರೆ ನಿನ್ನ ಮನೇಲಿ ದೀಪ ಹಚ್ಚೋರು ಯಾರೂ ಇರೋದಿಲ್ಲ."

ಓಬಳಯ್ಯ ಒಳಗೆ ಬಂದ. ಎದುರಿಗೆ ಹಗ್ಗ ಬಿಗಿದ ಕೈಗಳ ಪ್ರಧಾನಿಗಳು ನಿಂತಿದ್ದರು. ಅವನ ಮಗಳ ಮದುವೆಗೆ ಬಂದು ನೆಲದ ಮೇಲೆ ಕೂತು ಉಂಡು ಹೋಗಿದ್ದವರು. ಅವರ ಮುಖ ನೋಡಲಾಗದೆ ಅವನು ತಲೆ ತಗ್ಗಿಸಿದ.

"ಹೇಳು ಓಬಳಯ್ಯ, ಮದ್ದಿನಮನೆ ಸಿಡಿದುದೇಕೆ?" ಎಂದರು ನಾಯಕರು.

"ಮಹಾಸ್ವಾಮಿ, ನನಗೆ ಮಾತು ಬರೋದಿಲ್ಲ. ಮಹಾನವಮಿಯಲ್ಲಿ ಸನ್ನಿಧಾನದ ಮುಂದೆ ಮದ್ದು ಕುಟ್ಟಿ ತೋರಿಸೋ ಪದ್ಧತಿ ಇದೆಯಲ್ಲ, ಈಗಲೂ ಹಾಗೇ ಕುಟ್ಟೋಕೆ ಅಪ್ಪಣೆಯಾಗಬೇಕು."

ನಾಯಕರು ಒಪ್ಪಿದರು. ಓಬಳಯ್ಯ ಹೊರಗೆ ಹೋಗಿ, ಹಸಿಬಟ್ಟೆ ಮುಚ್ಚಿದ ಆಳವಾದ ಕಲ್ಲೊರಳನ್ನು ಆಳುಗಳಿಂದ ಹೊರಿಸಿಕೊಂಡು ಬಂದು ದಳವಾಯಿಗಳ ಪೀಠದ ಪಕ್ಕದಲ್ಲೇ ಇಳಿಸಿದ. ಸಭಿಕರು ನಿಶ್ಚಿಂತೆಯಿಂದಲೇ ಕುಳಿತಿದ್ದರು. ವರ್ಷವರ್ಷವೂ ನೋಡಿದ ಆಟ, ಒದ್ದೆಮದ್ದು ಏನೂ ಮಾಡದೆಂದು ಅವರು ಬಲ್ಲರು.

"ಇದು ಈ ಎಂಟು ದಿನದಲ್ಲಿ ಕುಟ್ಟಿದ್ದು, ಮಹಾಸ್ವಾಮಿ. ಸಿಡಿಯೋಕೆ ಮೊದಲೇ ಹೊರಗೆ ಸಾಗಿಸಿದ ಚೀಲಗಳಲ್ಲಿ ಒಂದು," ಎಂದು ಓಬಳಯ್ಯ ಒನಕೆ ಎತ್ತಿದ. ಒನಕೆ ಒರಳಿನ ಅಂಚಿಗೆ ತಾಗಿ ಟಕ್ಕೆಂದಿತು.

ಒಂದು ಪೆಟ್ಟು ಬಿತ್ತು. ದಳವಾಯಿಗಳ ಹಣೆಯಲ್ಲಿ ಬೆವರು ಮೂಡಿತು. ಎರಡನೆಯದು ಬಿದ್ದಾಗ ಅವರು ಪೀಠದ ಅಂಚಿಗೆ ಸರಿದರು. ಮೂರನೆಯದಕ್ಕೆ ಒನಕೆ ಮೇಲೇಳುತ್ತಲೇ, ರಣರಂಗದಲ್ಲಿ ಬೆನ್ನು ತೋರದ ಆ ಮಹಾನುಭಾವರು ಪೀಠ ಉರುಳಿಸಿ ಕಂಬದ ಮರೆಗೆ ಹಾರಿ ಕಿರುಚಿದರು: "ನಿಲ್ಲಿಸೋ ಮೂರ್ಖ! ಅದಕ್ಕೆ ನೀರು ಹಾಕಿಲ್ಲ!"

ನಾಯಕರು ಸಿಂಹಾಸನದಿಂದ ನಿಧಾನವಾಗಿ ಎದ್ದರು. "ನೀರು ಹಾಕಿಲ್ಲವೆಂಬುದು ತಮಗೆ ಹೇಗೆ ತಿಳಿಯಿತು, ದಳವಾಯಿಗಳೇ?"

ಓಬಳಯ್ಯ ಒರಳಿನೊಳಗೆ ಕೈಹಾಕಿ ಕಪ್ಪು ಪುಡಿಯನ್ನು ತೆಗೆದು ತೋರಿಸಿದ. "ಬರೀ ಇದ್ದಿಲು, ಮಹಾಸ್ವಾಮಿ. ನಿಜವಾದ ಮದ್ದು ತರೋಕೆ ನನಗೆ ಧೈರ್ಯ ಇರಲಿಲ್ಲ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಮುದ್ರೆಯಿಲ್ಲದೆ ನಲವತ್ತು ಚೀಲ ಮದ್ದು ಎಂಟೇ ದಿನದಲ್ಲಿ ಬೇಕೆಂದು ದಳವಾಯಿಗಳು ಬೆದರಿಸಿದ್ದರು. ಆರಿಸಲು ಸಮಯವಿಲ್ಲವೆಂದು ನೀರು ಹಾಕದೆ ಒಣದಾಗಿಯೇ ಕುಟ್ಟಿಸಿದ್ದರು. ಮೂವತ್ತು ಚೀಲ ಅವರ ಲಾಯದ ಅಟ್ಟ ಸೇರಿದ್ದವು. ಉಳಿದ ಹತ್ತನ್ನು ಕುಟ್ಟುವಾಗ ಮದ್ದು ಬಿಸಿಯೇರಿ ಹೊತ್ತಿಕೊಂಡಿತ್ತು. ಭಟರು ಲಾಯಕ್ಕೆ ಓಡಿದರು. ಚೀಲಗಳು ಸಿಕ್ಕವು, ಅರಮನೆಯ ತಳಪಾಯಕ್ಕೆ ಮದ್ದು ತುಂಬುವ ಸುರಂಗದ ನಕ್ಷೆಯೂ ಸಿಕ್ಕಿತು. ಸಂಗರಾಜಯ್ಯನನ್ನು ಸಂಕೋಲೆ ಹಾಕಿ ಎಳೆದೊಯ್ದರು. ಅಪ್ರಮೇಯಯ್ಯನವರ ಕೈಯ ಹಗ್ಗ ಬಿಚ್ಚಿತು.

ಓಬಳಯ್ಯ ಮಾತ್ರ ನಿಂತಲ್ಲೇ ನಿಂತಿದ್ದ. "ಇನ್ನು ನನ್ನ ವಿಚಾರ, ಮಹಾಸ್ವಾಮಿ. ಮುದ್ರೆಯಿಲ್ಲದೆ ಮದ್ದು ಅರೆದವನು ನಾನು."

"ನಮ್ಮ ಪ್ರಾಣ ಉಳಿಸಿದವನು ನೀನು. ಕ್ಷಮಿಸಿದ್ದೇವೆ."

"ಕ್ಷಮಿಸಬಾರದು ಬುದ್ಧಿ. ಇಪ್ಪತ್ತು ವರ್ಷ ಮದ್ದಿಗೆ ಹೆದರಿದೆ, ಯಾರೂ ಸಾಯಲಿಲ್ಲ. ಎಂಟು ದಿನ ದೊಡ್ಡವರಿಗೆ ಹೆದರಿದೆ, ಹನ್ನೊಂದು ಜನ ಸತ್ತರು. ನೀರು ಹಾಕೋಣ ಯಜಮಾನ್ರೇ ಅಂತ ಅವರು ಕೇಳಿದ್ದರು. ನಾನೇ ಬೇಡ ಅಂದೆ. ಇವತ್ತು ನನ್ನನ್ನ ಬಿಟ್ಟರೆ ನಾಳೆ ಬರೋ ಮದ್ದಿನವನೂ ದೊಡ್ಡವರಿಗೇ ಹೆದರುತ್ತಾನೆ."

ನಾಯಕರು ಪ್ರಧಾನಿಗಳತ್ತ ನೋಡಿದರು. ದಂಡವನ್ನು ಓದಿ ಹೇಳುವುದು ಪ್ರಧಾನಿಯ ಕರ್ತವ್ಯ. ಅಪ್ರಮೇಯಯ್ಯನವರು ಹಗ್ಗದ ಗುರುತು ಮಾಸದ ಕೈಯಲ್ಲಿ ಓಲೆ ಹಿಡಿದು, ತಮ್ಮನ್ನು ಬದುಕಿಸಿದವನ ಮರಣವನ್ನು ಓದಿದರು. ಎರಡು ಸಲ ನಡುವೆಯೇ ನಿಲ್ಲಿಸಿದರು. ಮೂರನೆಯ ಸಲಕ್ಕೆ ಓದಿ ಮುಗಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಭಟರು ಓಬಳಯ್ಯನನ್ನು ಹದ್ದಿನಬಂಡೆಗೆ ಕರೆದೊಯ್ದರು. ನಡುದಾರಿಯಲ್ಲಿ ಅವನು ನಿಂತುಬಿಟ್ಟ. ಭಟರು ಎಳೆಯಲು ಮುಂದಾದಾಗ ಪ್ರಧಾನಿಗಳು ಅವರನ್ನು ಸರಿಸಿ, ತಾವೇ ಅವನ ಕೈ ಹಿಡಿದುಕೊಂಡರು.

"ತುಂಬಾ ಹೆದರಿಕೆಯಾಗ್ತಿದೆ ಬುದ್ಧಿ," ಎಂದ ಓಬಳಯ್ಯ.

"ನನಗೂ," ಎಂದರು ಅಪ್ರಮೇಯಯ್ಯ. "ನಿಧಾನವಾಗಿ ನಡೆ. ಅವಸರವೇನಿಲ್ಲ."

ಬಂಡೆಯ ತುದಿ ತಲುಪುವವರೆಗೂ ಅವರು ಅವನ ಕೈ ಬಿಡಲಿಲ್ಲ.