ಎರಡು ಗ್ಯಾಲನ್ ಹರಳೆಣ್ಣೆ

ಒಬ್ಬ ಗಂಡಸು ಮೆಡಿಕಲ್ ಶಾಪಿಗೆ ಬಂದು ಎರಡು ಗ್ಯಾಲನ್ ಹರಳೆಣ್ಣೆ ಕೇಳಿದರೆ ಏನೆಂದುಕೊಳ್ಳಬೇಕು? ನಾನು ಮೊದಲು ಅವರ ಹೊಟ್ಟೆ ನೋಡಿದೆ. ಆಮೇಲೆ ಮುಖ ನೋಡಿದೆ.

"ಮನೆಯಲ್ಲಿ ಎಷ್ಟು ಜನ?"

"ನಾನೊಬ್ಬನೇ."

"ಒಬ್ಬರಿಗೆ ಎರಡು ಚಮಚ ಸಾಕು ಮಾರಾಯ್ರೆ. ಎರಡು ಗ್ಯಾಲನ್ ಕುಡಿದರೆ ನಾಳೆ ಇಗರ್ಜಿಯಲ್ಲಿ ನಿಮಗಾಗಿ ಸಾವಿನ ಗಂಟೆ ಹೊಡೆಯಬೇಕಾದೀತು."

ಅವರು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಕುಡಿಯಲಿಕ್ಕೆ ಅಲ್ಲ ಬಾಯಿ. ಕಾರಿಗೆ." ಹೆಂಗಸರಿಗೆ ಬಾಯಿ, ಗಂಡಸರಿಗೆ ಬಾಬ್, ಇದು ನಮ್ಮವರು ಮರ್ಯಾದೆಯಿಂದ ಕರೆಯುವ ರೀತಿ.

"ಕಾರಿಗೂ ಮಲಬದ್ಧತೆ ಉಂಟಾ?" ಎಂದು ಕೇಳಿಯೇಬಿಟ್ಟೆ. ನನ್ನ ನಾಲಿಗೆಗೆ ಮೂಳೆಯಿಲ್ಲ ಎಂದು ಅಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

ಅದು ಐವತ್ತೆಂಟರ ಡಿಸೆಂಬರ್. ನನಗಾಗ ಮೂವತ್ತೆರಡು. ಕಂಪೌಂಡರ್ ಆಗಿದ್ದ ಅಪ್ಪ ತೀರಿಕೊಂಡ ಮೇಲೆ ಜೆಪ್ಪುವಿನ ಈ ಅಂಗಡಿ ನನ್ನ ತಲೆಗೆ ಬಂದಿತ್ತು. ತಂಗಿಯರಿಬ್ಬರ ಮದುವೆ ಮುಗಿಯುವಷ್ಟರಲ್ಲಿ ನನ್ನನ್ನು ಕೇಳಿಕೊಂಡು ಬರುವವರು ನಿಂತೇಹೋಗಿದ್ದರು. ಬೆಳಿಗ್ಗೆ ಇಗರ್ಜಿಯ ಪೂಜೆ, ಆಮೇಲೆ ಅಂಗಡಿ, ಸಂಜೆ ಮನೆಗೆ ಹೋಗಿ ಒಬ್ಬಳಿಗಾಗುವಷ್ಟು ಗಂಜಿ. ಊರಿನವರ ಕೆಮ್ಮು, ಹೊಟ್ಟೆನೋವು ಎಲ್ಲ ನನಗೆ ಗೊತ್ತಿತ್ತು. ಈ ಮಟಿಲ್ಡಾ ಊಟ ಮಾಡಿದಳೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅವರ ಹೆಸರು ಯೂಸ್ಟೇಸ್. ಹಂಚಿನ ಕಾರ್ಖಾನೆಯ ಧಣಿ ನೊರ್ಬರ್ಟರ ಮೆಕ್ಯಾನಿಕ್. ಧಣಿಗೆ ಕಾರ್ ರೇಸಿನ ಹುಚ್ಚು. ಅವರ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ವರ್ಷಕ್ಕೊಮ್ಮೆ ಲಾರಿಗೆ ಹೇರಿ, ಮದರಾಸಿನ ಹತ್ತಿರ ಶೋಲಾವರಂ ಎಂಬ ಹಳೆ ವಿಮಾನ ಮೈದಾನಕ್ಕೆ ಒಯ್ದು ಓಡಿಸುತ್ತಾರಂತೆ.

"ಮಾಮೂಲಿ ಇಂಜಿನ್ ಆಯಿಲ್ ಸಾಲುವುದಿಲ್ಲವಾ?"

"ಬಸ್ಸಿಗೆ ಸಾಕು. ರೇಸಿನಲ್ಲಿ ಇಂಜಿನ್ ಕಾದರೆ ಅದು ನೀರಾಗ್ತದೆ ಬಾಯಿ, ಬೇರಿಂಗನ್ನು ಬಿಟ್ಟು ಹೋಗ್ತದೆ. ಹರಳೆಣ್ಣೆ ಹಾಗಲ್ಲ. ಎಷ್ಟು ಕಾದರೂ ಬಿಡುವುದಿಲ್ಲ, ಹಿಡಿದುಕೊಂಡೇ ಇರ್ತದೆ. ವಿಲಾಯಿತಿಯ ರೇಸಿಂಗ್ ಎಣ್ಣೆಯೂ ಇದರಿಂದಲೇ ಮಾಡುವುದು. ಅದು ಈಗ ಇಲ್ಲಿ ಸಿಗುವುದಿಲ್ಲ."

"ಹಾಗಾದರೆ ಎರಡನ್ನೂ ಅರ್ಧರ್ಧ ಸೇರಿಸಿ."

"ಅಯ್ಯೋ ದೇವರೇ!" ಎಂದರು. ಪಾಯಸಕ್ಕೆ ಮೀನು ಹಾಕಿ ಎಂದವಳನ್ನು ನೋಡುವಂತೆ ನನ್ನನ್ನು ನೋಡಿದರು. "ಅವೆರಡು ಸೇರುವುದೇ ಇಲ್ಲ. ಒಂದನ್ನು ಪೂರ್ತಿ ತೆಗೆದು, ತೊಳೆದು, ಮತ್ತೆ ಇನ್ನೊಂದು ಹಾಕಬೇಕು. ರೇಸ್ ಮುಗಿದ ಕೂಡಲೇ ಬಿಸಿ ಇರುವಾಗಲೇ ಇಳಿಸಬೇಕು. ತಣ್ಣಗಾಗಲಿಕ್ಕೆ ಬಿಟ್ಟರೆ ಒಳಗೆಲ್ಲ ಅಂಟು."

ಅಲ್ಲಿಯವರೆಗೆ ಮೇಜಿನ ಗಾಜನ್ನೇ ನೋಡುತ್ತಿದ್ದ ಮನುಷ್ಯ ಇಷ್ಟು ಹೇಳುವಾಗ ನನ್ನ ಕಣ್ಣನ್ನೇ ನೋಡುತ್ತಿದ್ದರು. ಅದು ಅರಿವಾದದ್ದೇ ತಡ, ಮತ್ತೆ ಗಾಜಿನ ಕಡೆ ತಿರುಗಿದರು. ನನಗೆ ನಗು ಬಂತು. ನಾಳೆ ಬಂದು ಡಬ್ಬಿ ಒಯ್ಯಿರಿ ಎಂದೆ.

ಫೆಬ್ರವರಿಯಲ್ಲಿ ಶೋಲಾವರಂನಿಂದ ಮರಳಿದವರು ನೇರ ಅಂಗಡಿಗೇ ಬಂದರು.

"ಏಳನೇ ರೌಂಡಿನಲ್ಲಿ ಇಂಜಿನ್ ಜಾಮ್ ಆಯಿತು ಬಾಯಿ. ಎಂತ ತಪ್ಪು ಮಾಡಿದೆನೋ ಗೊತ್ತಾಗ್ತಾ ಇಲ್ಲ."

ಆ ವರ್ಷ ಅವರು ಇಂಜಿನನ್ನು ಮೂರು ಸಲ ಬಿಚ್ಚಿ ಜೋಡಿಸಿದರು. ಪ್ರತಿ ಶನಿವಾರ ನನ್ನ ಅಂಗಡಿಗೂ ಬಂದರು. ಒಂದು ವಾರ ಟಿಂಚರ್, ಒಂದು ವಾರ ಹತ್ತಿ, ಒಂದು ವಾರ ಬ್ಯಾಂಡೇಜು. ನಾನು ಅವರ ಬೆರಳುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಗ್ರೀಸ್ ಇತ್ತು, ಗಾಯ ಇರಲಿಲ್ಲ.

"ಗಾಯ ಎಲ್ಲಿ ಯೂಸ್ಟೇಸ್ ಬಾಬ್?"

"ಆಗಬಹುದು ಅಂತ ಇಟ್ಟುಕೊಳ್ಳುವುದು."

ಒಂದು ಶನಿವಾರ ಅವರು ಬರಲಿಲ್ಲ. ಅಂದು ಬಾಗಿಲು ಹಾಕುವಾಗ ನನಗೆ ಎಷ್ಟು ಒಂಟಿ ಎನಿಸಿತೆಂದರೆ, ಅಳು ಬಂತು. ಮುಂದಿನ ವಾರ ಬಂದಾಗ ಜ್ವರವಿತ್ತು ಎಂದರು. ಗಂಜಿ ಯಾರು ಮಾಡಿಕೊಟ್ಟರು ಎಂದು ಕೇಳಿದೆ. ನಾನೇ ಎಂದರು.

ಮತ್ತೆ ಡಿಸೆಂಬರ್ ಬಂತು. ಈ ಸಲ ಅವರ ಮುಖವೇ ಬೇರೆ.

"ಮದರಾಸಿನಲ್ಲಿ ಒಂದು ದೊಡ್ಡ ಗ್ಯಾರೇಜ್ ಉಂಟು. ರೇಸಿನ ಕಾರುಗಳ ಕೆಲಸವೇ. ನಮ್ಮ ಇಂಜಿನ್ ಈ ಸಲ ಇಪ್ಪತ್ತು ರೌಂಡ್ ನಿಲ್ಲದೆ ಓಡಿದರೆ ನನ್ನನ್ನು ಹೆಡ್ ಮೆಕ್ಯಾನಿಕ್ ಮಾಡ್ತಾರಂತೆ. ಹೋದ ಸಲದ ಹಾಗೆ ಆದರೆ ಮತ್ತೆ ಯಾರೂ ಕರೆಯುವುದಿಲ್ಲ. ಧಣಿಯೂ ಕಾರು ಮಾರ್ತಾರೆ."

"ಒಳ್ಳೆಯದಾಯಿತಲ್ಲ," ಎಂದೆ. ಕೈಗೆ ಸಿಕ್ಕಿದ ಬಾಟಲಿಯನ್ನು ತೆಗೆದು ಒರೆಸಿದೆ. ಅದನ್ನು ಆಗಲೇ ಒರೆಸಿ ಇಟ್ಟಿದ್ದೆ.

ಎರಡು ದಿನ ಕಳೆದು ಪಕ್ಕದ ಓಣಿಯ ಸಾರಮ್ಮ ಬಂದರು. ಮೊಮ್ಮಗುವಿಗೆ ಕೊಟ್ಟ ಹರಳೆಣ್ಣೆಯಲ್ಲಿ ನೆಲಗಡಲೆಯ ವಾಸನೆ ಬರುತ್ತದೆ ಎಂದರು. ಅಪ್ಪ ಕಲಿಸಿದ ಪರೀಕ್ಷೆಯೊಂದಿತ್ತು. ಗಾಜಿನ ನಳಿಕೆಯಲ್ಲಿ ಹರಳೆಣ್ಣೆಗೆ ಸ್ಪಿರಿಟ್ ಹಾಕಿ ಕುಲುಕಬೇಕು. ಶುದ್ಧ ಹರಳೆಣ್ಣೆ ಸ್ಪಿರಿಟಿನಲ್ಲಿ ಕರಗಿ ತಿಳಿಯಾಗುತ್ತದೆ. ಬೇರೆ ಎಣ್ಣೆ ಬೆರೆಸಿದ್ದರೆ ಮಬ್ಬಾಗುತ್ತದೆ. ಹೊಟ್ಟೆ ತೊಳೆಯುವ ಎಣ್ಣೆಗೆ ಇಷ್ಟೆಲ್ಲ ಯಾಕೆ ಎಂದು ನಾನು ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಸಾರಮ್ಮನವರ ಎಣ್ಣೆ ಅದೇ ಹೊಸ ಡಬ್ಬಿಯದು, ಯೂಸ್ಟೇಸರಿಗೆಂದು ಬಂದರಿನಿಂದ ತರಿಸಿದ್ದು. ನಳಿಕೆ ಗಂಜಿ ನೀರಿನ ಹಾಗೆ ಮಬ್ಬಾಯಿತು. ಕಪಾಟಿನ ಮೂಲೆಯಲ್ಲಿ ಹೋದ ವರ್ಷದ ಡಬ್ಬಿಯಿಂದ ತೆಗೆದಿಟ್ಟ ಸ್ವಲ್ಪ ಎಣ್ಣೆ ಇತ್ತು. ಅದನ್ನೂ ನೋಡಿದೆ. ಅದೂ ಮಬ್ಬು.

ಅಂದರೆ ಏಳನೇ ರೌಂಡಿನಲ್ಲಿ ಆ ಇಂಜಿನನ್ನು ಕೊಂದವಳು ನಾನು. ಆ ಬಡಪಾಯಿ ತನ್ನದೇ ತಪ್ಪೆಂದು ಒಂದು ವರ್ಷ ಅದರ ಹೊಟ್ಟೆ ಬಿಚ್ಚಿ ನೋಡುತ್ತಿದ್ದರು.

ಬಂದರಿನ ವ್ಯಾಪಾರಿಗೆ ಮನಸಾರೆ ಬೈದೆ. ಬೈದು ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ನಾನು ಸುಮ್ಮನಿದ್ದರೆ ಇಂಜಿನ್ ನಿಲ್ಲುತ್ತದೆ. ಇಂಜಿನ್ ನಿಂತರೆ ಅವರು ಇಲ್ಲೇ ಉಳಿಯುತ್ತಾರೆ. ಶನಿವಾರ ಬರುತ್ತಾರೆ, ಇಲ್ಲದ ಗಾಯಕ್ಕೆ ಟಿಂಚರ್ ಕೇಳುತ್ತಾರೆ.

ಬಾಯಿಗೆ ಬಿದ್ದ ಬಿಸಿತುಪ್ಪ. ಅವತ್ತು ಸಂಜೆ ಅವರು ಅಂಗಡಿಯ ಮುಂದೆಯೇ ಸೈಕಲಿನಲ್ಲಿ ಹೋದರು. ನಾನು ಕರೆಯಲಿಲ್ಲ. ಮನೆಗೆ ಹೋಗಿ ತೇರ್ಸ ಹೇಳಲು ಕುಳಿತರೆ ಜಪಮಣಿಯ ಲೆಕ್ಕ ತಪ್ಪುತ್ತಿತ್ತು. ಇಡೀ ಒಂದು ದಿನ ನಾನು ಕೆಟ್ಟವಳಾಗಿದ್ದೆ, ಇದನ್ನು ಮುಚ್ಚಿಡುವುದಿಲ್ಲ.

ಮರುದಿನ ಅವರು ಡಬ್ಬಿ ಒಯ್ಯಲು ಬಂದರು. ಎತ್ತಲು ಕೈ ಹಾಕಿದಾಗ "ಬಿಡಿ," ಎಂದೆ. ಎರಡು ನಳಿಕೆಗಳನ್ನೂ ಎದುರಿಗಿಟ್ಟು ಎಣ್ಣೆಯ ಕಲಬೆರಕೆಯ ವಿಷಯ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

ಅವರು ನಳಿಕೆಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಹಾಗಾದರೆ ತಪ್ಪು ನನ್ನ ಕೈಯದ್ದಲ್ಲ," ಎಂದರು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲಿಯೂ ಇತ್ತು, ಆದರೆ ಕಾರಣ ಬೇರೆ.

ಬೇರೆ ಕಡೆಯಿಂದ ಹೊಸ ಡಬ್ಬಿ ತರಿಸಿ ಅವರ ಎದುರೇ ಮೂರು ಸಲ ಪರೀಕ್ಷೆ ಮಾಡಿದೆ. ಮೂರು ಸಲವೂ ತಿಳಿ.

ಇಂಜಿನ್ ಇಪ್ಪತ್ತು ರೌಂಡೂ ಓಡಿತು. ಧಣಿಗೆ ಮೂರನೇ ಸ್ಥಾನ, ಯೂಸ್ಟೇಸರಿಗೆ ಮದರಾಸು. ಹೊರಡುವ ದಿನ ಅಂಗಡಿಗೆ ಬಂದರು. ಕೈಯಲ್ಲಿ ಟ್ರಂಕು, ಹಗ್ಗ ಕಟ್ಟಿದ ಹಾಸಿಗೆ, ಉಳಿದ ಅರ್ಧ ಗ್ಯಾಲನ್ ಎಣ್ಣೆಯ ಡಬ್ಬಿ.

"ಬಾಯಿ, ಮದರಾಸಿನ ಎಣ್ಣೆಯನ್ನು ನಂಬುವುದು ಹೇಗೆ? ಸ್ವಲ್ಪ ಸ್ವಲ್ಪ ಕಳಿಸಿದರೆ ನೋಡಿ ಹೇಳ್ತೀರಾ?"

"ಹೇಳ್ತೇನೆ."

ಅಷ್ಟೇ. ಅವರು ಗಾಜಿನ ಮೇಲೆ ಬೆರಳಿಟ್ಟು ನಿಂತಿದ್ದು, ಹೊರಟುಹೋದರು. ಬೆರಳಿನ ಗ್ರೀಸ್ ಗುರುತನ್ನು ನಾನು ಒಂದು ವಾರ ಒರೆಸಲಿಲ್ಲ.

ತಿಂಗಳಿಗೊಂದು ಪಾರ್ಸೆಲ್ ಬರುತ್ತಿತ್ತು. ತಮಿಳು ಪೇಪರಿನಲ್ಲಿ ಸುತ್ತಿದ ಪುಟ್ಟ ಸೀಸೆ, ಜೊತೆಗೆ ಒಂದು ಚೀಟಿ: "ದಯವಿಟ್ಟು ನೋಡಿ ತಿಳಿಸಿ." ನಾನು ಕುಲುಕಿ ನೋಡಿ ಕಾರ್ಡ್ ಬರೆಯುತ್ತಿದ್ದೆ: "ತಿಳಿಯಾಗಿದೆ." ಅಷ್ಟು ದೊಡ್ಡ ಮದರಾಸಿನಲ್ಲಿ ಇದನ್ನು ನೋಡಿ ಹೇಳುವವರು ಯಾರೂ ಇಲ್ಲವೇ ಎಂದು ಕೇಳಲಿಲ್ಲ. ಕೇಳಿದರೆ ಸೀಸೆ ಬರುವುದು ನಿಂತರೆ?

ಮಳೆಗಾಲ ಕಳೆಯಿತು. ತೆನೆ ಹಬ್ಬಕ್ಕೆ ಹೊಸ ಅಕ್ಕಿಯ ಊಟ ಒಬ್ಬಳೇ ಮಾಡಿದೆ. ತಂಗಿ ಗ್ಲ್ಯಾಡಿಸ್ ಕಾಗದ ಬರೆದು, ಇನ್ನಾದರೂ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಾ ಎಂದಳು. ನಾನು ಹೋದರೆ ಸೀಸೆ ಯಾರು ತೆಗೆದುಕೊಳ್ಳುವುದು?

ಒಂಬತ್ತನೇ ಸೀಸೆ ಬಂತು. ಕುಲುಕಿದೆ. ಎಂದಿನಂತೆ ತಿಳಿ. ಕಾರ್ಡ್ ತೆಗೆದುಕೊಂಡು, ಇದುವರೆಗೆ ಯಾವ ಗಿರಾಕಿಗೂ ಹೇಳದ ಸುಳ್ಳನ್ನು ಬರೆದೆ:

"ಈ ಸಲದ್ದು ಮಬ್ಬಾಗಿದೆ. ನೀವೇ ಬಂದು ನೋಡಿ."

ಪೋಸ್ಟ್ ಡಬ್ಬಕ್ಕೆ ಹಾಕಿದ ಮೇಲೆ ನಾಚಿಕೆಯಿಂದ ಸತ್ತಂತಾಯಿತು. ಕಾರ್ಡನ್ನು ವಾಪಸ್ ಕೇಳಲು ಪೋಸ್ಟಾಫೀಸಿಗೂ ಹೋಗಿದ್ದೆ. ಕೊಡಲಿಲ್ಲ, ದೇವರು ಅವರಿಗೆ ಒಳ್ಳೆಯದು ಮಾಡಲಿ.

ಆರನೇ ದಿನ ಮಧ್ಯಾಹ್ನ ತಲೆಯೆತ್ತಿದರೆ ಯೂಸ್ಟೇಸ್ ನಿಂತಿದ್ದಾರೆ. ಅಂಗಿಯ ಮೇಲೆಲ್ಲ ರೈಲಿನ ಮಸಿ.

"ಎಲ್ಲಿ, ತೋರಿಸಿ," ಎಂದರು.

ನಾನು ನಳಿಕೆಯನ್ನು ಎದುರಿಗಿಟ್ಟೆ. ಬಾವಿಯ ನೀರಿನ ಹಾಗೆ ತಿಳಿಯಾಗಿತ್ತು.

"ಇದು ಮಬ್ಬಾಗ್ಲಿಕ್ಕೆ ಸಾಧ್ಯವೇ ಇಲ್ಲ ಅಂತ ನನಗೆ ಗೊತ್ತಿತ್ತು ಬಾಯಿ."

"ಹೇಗೆ?"

"ನಾನು ಕಳಿಸಿದ್ದೆಲ್ಲ ನಿಮ್ಮದೇ ಅಂಗಡಿಯ ಎಣ್ಣೆ. ಉಳಿದ ಅರ್ಧ ಗ್ಯಾಲನ್ ಕೊಂಡುಹೋಗಿದ್ದೆನಲ್ಲ."

ನನ್ನ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸುಳ್ಳು ಹೇಗೂ ಸಿಕ್ಕಿಬಿದ್ದಿತ್ತು, ಉಳಿದದ್ದನ್ನೂ ಹೇಳಿಬಿಟ್ಟೆ. "ಆ ವರ್ಷ ಡಬ್ಬಿ ಕೆಟ್ಟದ್ದು ಗೊತ್ತಾದ ಮೇಲೂ ಒಂದು ದಿನ ಮುಚ್ಚಿಟ್ಟಿದ್ದೆ. ನೀವು ಹೋಗುವುದು ಬೇಡ ಅಂತ."

"ಒಂದೇ ದಿನವಾ?" ಯೂಸ್ಟೇಸ್ ಮೊದಲ ಸಲ ಬಾಯಿ ತುಂಬ ನಕ್ಕರು. "ನಾನು ಒಂಬತ್ತು ತಿಂಗಳು ಮುಚ್ಚಿಟ್ಟೆ."

ಮತ್ತೆ ಗಾಜಿನ ಮೇಲೆ ಬೆರಳಿಟ್ಟರು. ಈ ಸಲ ಗಾಜನ್ನು ನೋಡಲಿಲ್ಲ.

"ಮದರಾಸಿನಲ್ಲಿ ಗ್ಯಾರೇಜಿನ ಎದುರೇ ಒಂದು ಮೆಡಿಕಲ್ ಶಾಪ್ ಉಂಟು. ಅವರಿಗೆ ಕಂಪೌಂಡರ್ ಬೇಕಂತೆ. ಡಬ್ಬಿಯಲ್ಲಿ ಎಣ್ಣೆ ಮುಗಿಯಿತು ಮಟಿಲ್ಡಾ. ಇನ್ನು ಕಳಿಸ್ಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ."

ಬಾಯಿ ಎನ್ನದೆ ಅವರು ನನ್ನ ಹೆಸರು ಹಿಡಿದದ್ದು ಅದೇ ಮೊದಲು. ನಾನು ಒಳಗೆ ಹೋಗಿ, ನನ್ನ ಮಧ್ಯಾಹ್ನದ ಗಂಜಿಯನ್ನು ಎರಡು ಬಟ್ಟಲಿಗೆ ಬಗ್ಗಿಸಿ ತಂದೆ.

"ಮೊದಲು ಊಟ ಮಾಡಿ," ಎಂದೆ. "ಆಮೇಲೆ ಪಾದ್ರಿಗಳ ಹತ್ತಿರ ಹೋಗುವ."