ಮೂಳೆಗಳ ಮೇಲಿನ ನಂಬರು

ಮಂಗಳವಾರ ಬೆಳಗ್ಗೆ 10.20ಕ್ಕೆ ವಸ್ತು ಸಂಗ್ರಹಾಲಯದ ಮೇಲ್ವಿಚಾರಕರು ಠಾಣೆಗೆ ಬಂದು, ಮೂರು ಸಾವಿರ ವರ್ಷದ ಹಿಂದೆ ಸತ್ತ ಮಗುವೊಂದು ಕಾಣೆಯಾಗಿದೆ ಎಂದು ದೂರು ಕೊಟ್ಟರು. ಕಾಣೆಯಾದವರ ಪಟ್ಟಿಗೆ ಸೇರಿಸುವುದೋ ಕಳವಿನ ಪಟ್ಟಿಗೋ ಎಂದು ರೈಟರ್ ತಲೆ ಕೆರೆದುಕೊಂಡ. ಇನ್‌ಸ್ಪೆಕ್ಟರ್ ನಗಲಿಲ್ಲ. ಕಳವು ಎಂದೇ ಎಫ್‌ಐಆರ್ ಹಾಕಿಸಿದರು.

"ಶುಕ್ರವಾರ ಗಾಜಿನ ಪೆಟ್ಟಿಗೇಲಿಟ್ಟು ಜನಕ್ಕೆ ತೋರಿಸಬೇಕಿತ್ತು ಸರ್. ನಮ್ಮೂರು ಎಷ್ಟು ಹಳೇದು ಅನ್ನೋದಕ್ಕೆ ಆ ಅಸ್ಥಿಪಂಜರ ಒಂದೇ ಸಾಕ್ಷಿ," ಎಂದರು ಮೇಲ್ವಿಚಾರಕರು.

ಸಂಗ್ರಹಾಲಯದ ಉಗ್ರಾಣದ ಬೀಗ ಮುರಿದಿರಲಿಲ್ಲ. ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಗ್ಗುಲಾಗಿ ಮಲಗಿದ ಮಗುವಿನ ಅಚ್ಚು ಹಾಗೇ ಉಳಿದಿತ್ತು. ಅದರೊಳಗೆ ಕೈಯಿಟ್ಟ ಇನ್‌ಸ್ಪೆಕ್ಟರ್ ತಟ್ಟನೆ ಹಿಂತೆಗೆದರು. ಬೆಚ್ಚಗಿತ್ತು. ಬಿಸಿಲಿರಬೇಕು ಎಂದುಕೊಂಡರು. ಆದರೆ ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಒಳಗಿಂದ ಏನೋ ಕೇಳಿಸ್ತಿತ್ತು ಎಂದಷ್ಟೇ ಹೇಳಿ, ಕಾವಲುಗಾರ ಮುಂದೆ ಬಾಯಿಬಿಡಲು ಹೆದರಿದ.

"ಏನು ಕೇಳಿಸ್ತು?"

"ಜೋಗುಳ ಸರ್. ಮಧ್ಯಾಹ್ನ ಊಟದ ಹೊತ್ತಲ್ಲಿ, ಬೀಗ ಹಾಕಿದ ಕೋಣೆಯಿಂದ. ಗಾಜಿನ ಪೆಟ್ಟಿಗೆ ಬಂದಾಗಿನಿಂದ ಹೀಗೇ."

"ತೆಗೆದು ನೋಡಲಿಲ್ವಾ?"

"ನೀವಾಗಿದ್ರೆ ತೆಗೀತಿದ್ರಾ ಸರ್?"

ಮಗುವನ್ನು ಹೂಳಿದ್ದ ಮಡಕೆಯೂ ಇರಲಿಲ್ಲ. ಕಳ್ಳನಿಗೆ ಮಡಕೆ ಯಾಕೆ? ಇನ್‌ಸ್ಪೆಕ್ಟರ್ 4.15ಕ್ಕೆ ಮೇಲ್ವಿಚಾರಕರನ್ನೂ ಹತ್ತಿಸಿಕೊಂಡು, ಮಗು ಸಿಕ್ಕಿದ್ದ ಉತ್ಖನನದ ಜಾಗಕ್ಕೆ ಜೀಪು ತಿರುಗಿಸಿದರು. ಎಂದೋ ಮುಚ್ಚಿದ ಗುಂಡಿಯ ಮೇಲೆಲ್ಲ ಹುಲ್ಲು. ಒಂದು ಮೂಲೆಯಲ್ಲಿ ಮಾತ್ರ ಹಸಿ ಮಣ್ಣು. ಸಾಕ್ಷಿಗೆ ಕರೆದ ಪಂಚರ ಎದುರು ಅಗೆಸಿದರು. ಮೂರಡಿ ಕೆಳಗೆ ಮಡಕೆ, ಅದರೊಳಗೆ ಮೊಣಕಾಲು ಮಡಚಿ, ಅಂಗೈಯನ್ನು ಕೆನ್ನೆಯಡಿ ಇಟ್ಟು ಮಲಗಿದ ಮಗು. ಬೆರಳಿನ ಒಂದು ಮೂಳೆಯೂ ಜಾಗ ತಪ್ಪಿರಲಿಲ್ಲ.

"ಎಬ್ಬಿಸಿಬಿಟ್ವೇನೋ ಸರ್," ಎಂದು ಕಾನ್‌ಸ್ಟೇಬಲ್ ಪಿಸುಗುಟ್ಟಿದ.

ಅಗೆದು ತೆಗೆದ ಪ್ರತಿ ಮೂಳೆಗೂ ಶಾಯಿಯಲ್ಲಿ ನಂಬರು ಬರೆದು, ಅಳಿಸದಂತೆ ಮೇಲೆ ವಾರ್ನಿಷ್ ಬಳಿಯುವುದು ಸಂಗ್ರಹಾಲಯದವರ ಪದ್ಧತಿ. ಈಗ ಒಂದರ ಮೇಲೂ ನಂಬರಿರಲಿಲ್ಲ. ಯಾರೋ ಕೂತು ಒಂದೊಂದನ್ನೇ ಒರೆಸಿದ್ದರು.

"ನಂಬರಿಲ್ಲದೆ ಇಷ್ಟು ಸರಿಯಾಗಿ ಜೋಡಿಸೋಕೆ ಯಾರಿಗೆ ಬರುತ್ತೆ?"

ಮೇಲ್ವಿಚಾರಕರ ಮುಖ ಬಿಳಿಚಿತು. "ಬರೆದೋರಿಗೆ."

ಸಂಗ್ರಹಾಲಯದಲ್ಲಿ ಎಲ್ಲರೂ ನಂಬರಕ್ಕ ಎಂದು ಕರೆಯುವ ಹೆಂಗಸು ತನ್ನ ಮೇಜಿನಲ್ಲೇ ಕುಳಿತಿದ್ದಳು. ವಾರ್ನಿಷ್ ಕರಗಿಸುವ ಎಣ್ಣೆಯ ವಾಸನೆ ಬೆರಳುಗಳಿಂದ ಇನ್ನೂ ಹೋಗಿರಲಿಲ್ಲ. ಕೋಣೆಯ ಬೀಗದ ಕೈ ಆಕೆಯ ಸೊಂಟದಲ್ಲಿತ್ತು. 5.40ಕ್ಕೆ ಬಂಧನ.

"ಯಾಕೆ ತೆಗೆದ್ರಿ?"

"ಆ ಮಗೂನ ಅವರಮ್ಮ ಮಲಗಿಸಿದ ಜಾಗ ನನಗೆ ಗೊತ್ತಿತ್ತು ಸರ್. ಗಾಜಿನೊಳಗೆ, ಅಷ್ಟು ಜನರ ಮುಂದೆ, ಮಗು ಮಲಗುತ್ತಾ?" ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೇಳಿದಳು: "ನನ್ನ ಮಗಳು ಬದುಕಿದ್ದು ಒಂದೇ ದಿನ. ಹೆಸರಿಡೋಕೂ ಮುಂಚೆ ಹೋದಳು. ಆಸ್ಪತ್ರೆಯೋರು ಕೈಗೆ ಕಟ್ಟಿದ ನಂಬರಿನ ಜೊತೇಲೇ ಮಣ್ಣು ಮಾಡಿದ್ವಿ."

"ಜೋಗುಳ ಹಾಡ್ತಿದ್ದಿದ್ದು ನೀವೇನಾ?"

"ನಾನಲ್ಲ ಸರ್. ನನಗೂ ಕೇಳಿಸ್ತಿತ್ತು. ಅದಕ್ಕೇ ಒಳಗೆ ಹೋದೆ."

ಠಾಣೆಯಲ್ಲಿ ಮಗುವಿದ್ದ ಮಡಕೆಯನ್ನು ಮುದ್ದೆಮಾಲು, ಅಂದರೆ ವಶಪಡಿಸಿಕೊಂಡ ವಸ್ತು, ಎಂದು ದಾಖಲಿಸಬೇಕಿತ್ತು. ರೈಟರ್ ಚೀಟಿ, ದಾರ ಹಿಡಿದು ಬಂದ.

"ರಿಜಿಸ್ಟರಲ್ಲಿ ಹದಿನಾರಕ್ಕೆ ನಿಂತಿದೆ. ಇದಕ್ಕೂ ನಂಬರ್ ಹಾಕ್ಲಾ ಸರ್?"

ಬೆಂಚಿನ ಮೇಲಿದ್ದ ನಂಬರಕ್ಕನತ್ತ ನೋಡಲು ಇನ್‌ಸ್ಪೆಕ್ಟರ್‌ಗೆ ಧೈರ್ಯ ಬರಲಿಲ್ಲ. ಮಗು ಮಲಗಿರುವ ಮನೆಯಲ್ಲಿ ಮಾತಾಡುವವರ ಹಾಗೆ ದನಿ ತಗ್ಗಿಸಿ ಹೇಳಿದರು:

"ಹದಿನೇಳು."