ಉಮಾದೇವಿ ಬಿಡಿಸಿ ಹೇಳಿದ್ದು

ಶನಿವಾರ ಶರಣಬಸವ ಸಿಂಧನೂರಿನ ಲೈಬ್ರರಿಗೆ ಬಂದಾಗ ಉಮಾದೇವಿ ಆಗಲೇ ಮುಖ ಊದಿಸಿಕೊಂಡು ಕೂತಿದ್ದಳು. ತಾನು ಮಸ್ಕಿಯಿಂದ ಬಸ್ ಹಿಡಿದು ಬಂದಿದ್ದೇನೆ. ದಢೇಸುಗೂರಿನಿಂದ ಬೈಕಿನಲ್ಲಿ ಬರುವ ಈ ಮಹಾರಾಯನಿಗೆ ತಡವಾಗುವುದೆಂದರೇನು?

"ನಾಡದು ಪರೀಕ್ಷಾ ಐತಿ ಅನ್ನೋ ಖಬರಾದ್ರೂ ಐತೇನು ನಿನಗ?"

"ನಿನ್ನ ಮಾರಿ ನೋಡಿದ ಕೂಡ್ಲೇ ಬಂತು," ಎಂದು ಅವನು ಕುರ್ಚಿ ಎಳೆದುಕೊಂಡ.

ಇಬ್ಬರೂ ಮನೆಯಲ್ಲಿ ಓದಿಕೊಂಡೇ ಇಂಗ್ಲಿಷ್ ಎಂ.ಎ. ಕಟ್ಟಿದವರು. ಸೋಮವಾರ ಲಿಂಗಸುಗೂರಿನಲ್ಲಿ ಬರೆಯಬೇಕಾದ ಪೇಪರ್ ಬಲು ತಕರಾರಿನದು. ಕಂಡರಿಯದ ಪ್ಯಾಸೇಜ್ ಒಂದನ್ನು ಕೊಡುತ್ತಾರೆ. ಬರೆದವರ ಮನಸ್ಸಿನಲ್ಲಿ ಏನಿದೆ, ಯಾವ ಪದದಿಂದ ಅದು ಗೊತ್ತಾಯಿತು ಎಂದು ಬಿಡಿಸಿ ಹೇಳಬೇಕು. ಒಬ್ಬರು ಓದುವುದು, ಇನ್ನೊಬ್ಬರು ಪೆನ್ಸಿಲ್ಲಿನಿಂದ ಪದಕ್ಕೆ ಗೆರೆ ಹೊಡೆದು ಭಾವ ಹೇಳುವುದು, ಹೀಗೆ ತಯಾರಿ ನಡೆದಿತ್ತು. ಪುಸ್ತಕ ಮುಚ್ಚಿದರೂ ಆ ಚಟ ಬಿಡಲಿಲ್ಲ. ಕಂಡಕ್ಟರ್ ಬೈದರೂ, ಚಹಾದಂಗಡಿಯ ಇಸ್ಮಾಯಿಲ್‌ಸಾಬ್ ಗೊಣಗಿದರೂ ಆ ಮಾತನ್ನು ಬಿಡಿಸಿ, ಒಬ್ಬರಿಗೊಬ್ಬರು ಮಾರ್ಕ್ಸ್ ಹಾಕಿ ನಗುತ್ತಿದ್ದರು.

ಅವಳು ಪೆನ್ಸಿಲ್ಲನ್ನು ಜಡೆಗೆ ಸಿಕ್ಕಿಸಿಕೊಳ್ಳುವಾಗ ಅವನು ಕದ್ದು ನೋಡುತ್ತಿದ್ದ. ನೋಡಲಿ ಎಂದೇ ಅವಳು ಸಿಕ್ಕಿಸಿಕೊಳ್ಳುತ್ತಿದ್ದಳು.

ಇವತ್ತು ಅವನು ಜಡೆಯ ಕಡೆ ನೋಡಲಿಲ್ಲ.

"ನಾಳೆ ಗುರುಗುಂಟಾಕ್ಕ ಹೊಂಟೀವಿ, ಹೆಣ್ಣು ನೋಡಾಕ. ಮನ್ಯಾಗ ಎಲ್ಲಾರಿಗೂ ಮನಸ್ಸೈತಿ. ನಾ ಹೂಂ ಅಂದ್ರ ಅಲ್ಲೇ ಸಕ್ರಿ ತಿನ್ನಿಸಿ ಮಾತು ಮುಗಿಸ್ತಾರ. ಉಮಾ, ಹೋಗ್ಲೇನು ನಾ?"

ಅವಳು ಬೇಡ ಎನ್ನಲು ಬಾಯಿ ತೆರೆದಳು. ನಾಚಿಕೆ ಅಡ್ಡ ಬಂತು, ಅದರ ಬೆನ್ನಿಗೇ ಆ ಹಾಳು ಜಾಣತನ. ಜಡೆಯಿಂದ ಪೆನ್ಸಿಲ್ ಎಳೆದು ಗಾಳಿಯಲ್ಲೇ ಗೆರೆ ಹೊಡೆದಳು.

"ಮನ್ಯಾಗ ಎಲ್ಲಾರಿಗೂ ಅಂದಿ, ಆ ಎಲ್ಲಾರಾಗ ನೀ ಇಲ್ಲ. ನಡುವ ನನ್ನ ಹೆಸರು ಹಿಡಿದಿ. ಅಂದ್ರ ನಾ ಬ್ಯಾಡ ಅನ್ಲಿ ಅಂತ ಕಾಯಾಕತ್ತಿ. ಬರೋಬ್ಬರಿ ಐತಿಲ್ಲೋ? ಹಾಕು ಪೂರಾ ಮಾರ್ಕ್ಸ್."

ಅವನು ನಗುತ್ತಲೇ ಹಾಕಿದ. ಆಮೇಲೆ ಅವಳ ಮುಖವನ್ನೇ ನೋಡುತ್ತ ಕೂತ. ಅವಳು ಮುಂದಿನ ಪ್ಯಾಸೇಜ್ ತೆಗೆದಳು. ಮನಸ್ಸು ಇಬ್ಬರಿಗೂ ತಿಳಿದ ಮೇಲೆ ಅಲ್ಲಿ ಹೋಗಿ ಹೂಂ ಎನ್ನುವವನಲ್ಲ ಇವನು. ಪರೀಕ್ಷೆ ಮುಗಿಸಿ ಬರುವಾಗ ಬಸ್ಸಿನಲ್ಲಿ ಬಾಯಿಬಿಟ್ಟು ಹೇಳಿದರಾಯಿತು ಎಂದುಕೊಂಡಳು.

ಸೋಮವಾರ ಪೇಪರೇನೋ ಚೆನ್ನಾಗಿಯೇ ಆಯಿತು. ಲಿಂಗಸುಗೂರಿನಿಂದ ಬಸ್ ಹೊರಟಾಗ ಅವನು ಅವಳ ಕೈಗೆ ಸಣ್ಣದೊಂದು ಪೊಟ್ಟಣ ಇಟ್ಟ. ಬಿಡಿಸಿದರೆ ಸಕ್ಕರೆ.

"ನಿನ್ನೆ ಮಾತು ಮುಗೀತು," ಎಂದ.

ಅವಳು ಪೊಟ್ಟಣವನ್ನು ಹಾಗೇ ಮಡಚಿದಳು. "ಬ್ಯಾಡ ಅನ್ನೋದು ತುಟಿತನಕ ಬಂದಿತ್ತೋ ಅವತ್ತು. ನಿನ್ನ ಬಿಟ್ಟು ನಾ ಯಾರನ್ನೂ ಮನಸ್ಸಿನ್ಯಾಗ ಇಟ್ಕೊಂಡಿಲ್ಲ."

ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ.

"ನಿನಗ ತಿಳೀಲಿಲ್ಲ ಅಂದಿದ್ರ ಮತ್ತೊಮ್ಮೆ ಕೇಳ್ತಿದ್ದೆ, ಉಮಾ. ನನ್ನ ಮನಸ್ಸು ಎಳಿ ಎಳಿಯಾಗಿ ಬಿಡಿಸಿ ಹೇಳಿದಿ. ಅಷ್ಟು ತಿಳಿದೂ ಬ್ಯಾಡ ಅನ್ನಲಿಲ್ಲ. ಇನ್ನೇನು ಕೇಳ್ಲಿ ಅಂತ ಸುಮ್ಮನಾದೆ."

"ಈಗ..."

"ಆಕಿ ಎದುರಿಗೆ ಕುಂತು ಸಕ್ರಿ ತಿಂದೀನಿ. ಆಕಿ ಏನು ತಪ್ಪು ಮಾಡ್ಯಾಳ?"

ಉಮಾದೇವಿ ಕಿಟಕಿಯ ಕಡೆ ತಿರುಗಿ ಅತ್ತಳು. ಅವನೂ ಕಣ್ಣೊರೆಸಿಕೊಂಡ.

ಮಸ್ಕಿ ಬಂತು. ಅವಳು ಇಳಿದಳು, ಅವನು ಕಿಟಕಿಯಿಂದ ಬ್ಯಾಗು ಕೊಟ್ಟ. ಪೆನ್ಸಿಲ್ ಇವತ್ತೂ ಜಡೆಯಲ್ಲೇ ಇತ್ತು. ಅವನು ಅದನ್ನು ನೋಡಿದ, ಈ ಸಲ ಕದಿಯದೆ.

"ಹುಷಾರಾಗಿ ಹೋಗು," ಎಂದ.

ಆ ಮಾತಿನೊಳಗೆ ಏನೇನಿದೆ ಎಂದು ಬಿಡಿಸಿ ನೋಡಲು ಅವಳ ಜೀವ ಒಪ್ಪಲಿಲ್ಲ.

"ಹೂಂ," ಎಂದಳು, ಮಾತು ಕಿವಿಗೆ ಬಿದ್ದ ಕೂಡಲೇ. ಆದರೆ ಬಸ್ ಆಗಲೇ ಸಿಂಧನೂರಿನ ಕಡೆ ಹೊರಟಿತ್ತು.